ಹೊಟ್ಟೆಕಿಚ್ಚಿನ ಕ್ಯಾಸೆಟ್

"ಮಾಲು ಯಾವುದು, ಬೆಲೆ ಎಷ್ಟು, ಅಂಗಡಿ ಎಲ್ಲಿ... ಈ ಮೂರು ಹೇಳ್ರಿ ಸಾಕು. ಉಳಿದಿದ್ದು ನಾ ನೋಡ್ಕೊಂತೀನಿ."

ಹುಸೇನಮ್ಮ ತಲೆ ಎತ್ತದೆ ಹೇಳಿದಳು. ಸಡಿಲಾದ ಕ್ಯಾಸೆಟ್ಟಿಗೆ ಪೆನ್ಸಿಲ್ ಸಿಕ್ಕಿಸಿ ರೀಲು ಸುತ್ತುವುದರಲ್ಲೇ ಅವಳ ಗಮನವಿತ್ತು.

"ಮಾಲು ಅಂದ್ರ... ಕಂಪ್ಯೂಟರಿನ ಪ್ರೋಗ್ರಾಮು. ಬೆಲೆ ಇಲ್ಲ. ಅಂಗಡೀನೂ ಇಲ್ಲ."

ಈಗ ತಲೆ ಎತ್ತಿದಳು. ಎದುರಿಗೆ ನಿಂತಿದ್ದವನಿಗೆ ಇಪ್ಪತ್ತಾರು ಇಪ್ಪತ್ತೇಳು ಇರಬಹುದು. ಬಸ್ಸಿನ ಕಿಟಕಿಯ ಧೂಳು ಹುಬ್ಬಿನ ಮೇಲೆಲ್ಲ ಕೂತಿತ್ತು. ಎದೆಯ ಜೇಬಿನಲ್ಲಿ ಪೆನ್ನಿನ ಬದಲು ಕಪ್ಪನೆಯ ಫ್ಲಾಪಿ ಇತ್ತು.

"ಮತ್ತ ಮಾರೋದೇನು?"

"ಮಾರಂಗಿಲ್ಲ, ಕೊಡತೀನಿ. ತಗೊಂಡವರು ಮತ್ತೊಬ್ಬರಿಗೆ ಕೊಡಬಹುದು. ಒಳಗ ಹ್ಯಾಂಗ ಬರದಾರ ಅಂತ ಬಿಚ್ಚಿ ನೋಡಬಹುದು. ಸರಿ ಕಾಣಲಿಲ್ಲಂದ್ರ ತಿದ್ದಲೂಬಹುದು. ಯಾರೂ ಕೇಳಂಗಿಲ್ಲ."

ಹುಸೇನಮ್ಮ ಪೆನ್ಸಿಲ್ ಕೆಳಗಿಟ್ಟಳು.

"ರೀ, ಸಿಂಧನೂರಾಗ ಅಕ್ಕಿ ಮಿಲ್ಲಿನವರು ಹೊಟ್ಟು ಸುದ್ದಾ ಪುಕ್ಕಟ ಕೊಡಂಗಿಲ್ಲ. ನೀವೇನು ಇಲೆಕ್ಷನ್‌ಗೆ ನಿಂತೀರೇನು?"

ಅವನು ನಗಲಿಲ್ಲ. ಅವಳನ್ನೇ ನೋಡಿದ. ಆ ನೋಟ ಒಂದು ಗಳಿಗೆ ಹೆಚ್ಚೇ ಆಯಿತು.

"ಮಸ್ಕಿಯಾಗ ವಾರಕ್ಕ ಎರಡು ಸಲ ನಿಮ್ಮ ದನಿ ಕೇಳತೀನಿ. ನೀವು ಬೀಜದ ಚೀಲ ತಗೋರಿ ಅಂದ್ರ, ಹೊಲಾನ ಇಲ್ಲದ ನನಗೂ ತಗೋಬೇಕು ಅನಸ್ತದ. ಅದಕ್ಕ ಬಂದೆ."

ಹುಸೇನಮ್ಮನಿಗೆ ಯಾಕೋ ಕಿವಿ ಬಿಸಿಯಾಯಿತು. ಸಾವಿರಾರು ಜನ ಕೇಳುವ ದನಿ ಅವಳದು. ಆದರೆ ಇದುವರೆಗೆ ಒಬ್ಬರೂ ಬಂದು, ಕೇಳತೀನಿ ಎಂದು ಹೇಳಿರಲಿಲ್ಲ.

ಅದು ಸಾವಿರದ ಒಂಬೈನೂರ ತೊಂಬತ್ತೊಂಬತ್ತನೇ ಇಸವಿ. ಸಿಂಧನೂರಿನ ಬಸ್‌ಸ್ಟ್ಯಾಂಡಿನ ಹಿಂದೆ ಬಸ್ಸಪ್ಪನ ಮೈಕ್‌ಸೆಟ್ ಅಂಗಡಿ ಇತ್ತು. ಬೀಜ, ಸೀರೆ, ಸಿನಿಮಾ, ಸಭೆ ಏನೇ ಇರಲಿ, ಮೊಹರಂ ಹಬ್ಬದ ಹರಕೆಯಿಂದ ಹುಟ್ಟಿದ ಮಗಳು ಹುಸೇನಮ್ಮ ಕ್ಯಾಸೆಟ್ಟಿನಲ್ಲಿ ಸಾರುತ್ತಿದ್ದಳು. ಎರಡು ಹಾರ್ನ್ ಕಟ್ಟಿದ ಹಳೆಯ ಜೀಪಿನಲ್ಲಿ ಉಸ್ಮಾನ್‌ಸಾಬ್ ಆ ಕ್ಯಾಸೆಟ್ ಹಾಕಿಕೊಂಡು ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಹಳ್ಳಿಗಳನ್ನೆಲ್ಲ ಸುತ್ತುತ್ತಿದ್ದ. ನೆತ್ತಿಯ ಮೇಲಿನ ಹಾರ್ನಿನ ಸದ್ದಿಗೆ ಅವನು ಕಿವಿಗೆ ಹತ್ತಿ ತುರುಕಿಕೊಳ್ಳುತ್ತಿದ್ದ. ಅವಳ ದನಿಯನ್ನು ಊರೂರಿಗೆ ಒಯ್ಯುವವನಿಗೇ ಅವಳು ಏನು ಹೇಳುತ್ತಾಳೆಂದು ಗೊತ್ತಿರುತ್ತಿರಲಿಲ್ಲ.

ದನಿಯ ಹೆಸರು ಹೊರಗೆ ಹೋಗಬಾರದು ಎಂಬುದು ಬಸ್ಸಪ್ಪನ ಕಟ್ಟುನಿಟ್ಟು. ಹಾಗಾಗಿ ದನಿ ಎಲ್ಲರಿಗೂ ಗೊತ್ತು, ಹುಡುಗಿ ಯಾರಿಗೂ ಗೊತ್ತಿಲ್ಲ.

ಬಂದವನ ಹೆಸರು ಆದಪ್ಪ, ಮಸ್ಕಿಯವನು. ಮುತ್ತಜ್ಜನ ಹೆಸರನ್ನು ಹಾಗೇ ಇಟ್ಟಿದ್ದರು. ಟೈಪಿಂಗ್ ಕಲಿಸುವ ಕೆಲಸ ಮಾಡುತ್ತ ಕಂಪ್ಯೂಟರಿನ ಹುಚ್ಚು ಹಿಡಿಸಿಕೊಂಡಿದ್ದ. ಕನ್ನಡದಲ್ಲಿ ಅರ್ಜಿ ಬರೆದು ಕೊಡುವ ಒಂದು ಪ್ರೋಗ್ರಾಮು ಮಾಡಿದ್ದ. ಹೆಸರು, ಊರು, ಏನು ಬೇಕು ಎಂದು ಹೇಳಿದರೆ ಸಾಕು, ವಿಧವಾ ಪಿಂಚಣಿಯಿರಲಿ, ಕಾಲುವೆ ನೀರಿರಲಿ, ಒಪ್ಪವಾದ ಅರ್ಜಿ ಅಚ್ಚಾಗಿ ಬರುತ್ತಿತ್ತು.

"ಕಂಪ್ಯೂಟರ್ ಯಾರ ಮನ್ಯಾಗ ಐತ್ರಿ?" ಎಂದು ಹುಸೇನಮ್ಮ ಕೇಳಿದಳು.

"ಮನ್ಯಾಗ ಇಲ್ಲ. ಗೊಬ್ಬರದ ಅಂಗಡ್ಯಾಗ ಐತಿ, ಲಗ್ನಪತ್ರ ಮಾಡೋ ಅಂಗಡ್ಯಾಗ ಐತಿ. ಜನ ಹೋಗಿ, ಆ ಅರ್ಜಿ ಪ್ರೋಗ್ರಾಮು ಹಾಕ್ಕೋರಿ ಅಂತ ಕೇಳಿದ್ರ ಅವರು ಹಾಕ್ಕೊಂತಾರ. ಅಂಗಡಿಯವರಿಗೆ ನಾ ಹೇಳಿದ್ರ ಕೇಳಂಗಿಲ್ಲ. ಜನ ಕೇಳಬೇಕು. ಜನಕ್ಕ ನೀವು ಹೇಳಬೇಕು."

ಇವನಿಗೆ ತಲೆ ಕೆಟ್ಟಿದೆ, ಎಂದುಕೊಂಡಳು ಹುಸೇನಮ್ಮ. ಆದರೆ ಕ್ಯಾಸೆಟ್ಟಿಗೆ ಒಪ್ಪಿಕೊಂಡಳು.

* * *

ಮೊದಲ ಕ್ಯಾಸೆಟ್ ಮಸ್ಕಿಯಲ್ಲಿ ಕೂಗಿತು. ಮೂರನೇ ದಿನ ಆದಪ್ಪ ಮುಖ ಸಣ್ಣದು ಮಾಡಿಕೊಂಡು ಬಂದ.

"ಅಂಗಡಿಗೆ ಎಷ್ಟು ಜನ ಬಂದಿದ್ರು?"

"ಬಾಳ ಮಂದಿ ಬಂದಿದ್ರು ರೀ. ಎಲ್ಲಾರೂ ರೇಷನ್ ಕಾರ್ಡ್ ತಂದಿದ್ರು. ಕೆಲವರು ಚೀಲಾನೂ ತಂದಿದ್ರು. ಒಬ್ಬಾಕಿ ಮುದುಕಿ, ತಲಿಗೆ ಎಷ್ಟು ಕಿಲೋ ಕೊಡತೀಯಪ್ಪಾ ಅಂತ ಕೇಳಿದ್ಲು."

ಹುಸೇನಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆದಪ್ಪ ಮೊದಲು ಮುಖ ಗಂಟು ಹಾಕಿದ, ಆಮೇಲೆ ತಾನೂ ನಕ್ಕುಬಿಟ್ಟ.

ತಪ್ಪು ಅವಳದೇ. ಪುಕ್ಕಟೆ ಎಂದು ಸಾರಿದರೆ ಜನ ಇನ್ನೇನು ತರುತ್ತಾರೆ?

"ಪುಕ್ಕಟ ಅನ್ನಬಾರದಿತ್ತು," ಎಂದಳು, ಕಣ್ಣೊರೆಸಿಕೊಂಡು. "ಅಂದ್ರ ಜನಕ್ಕ ಸರಕಾರ ನೆನಪಾಗ್ತದ, ಇಲ್ಲಾ ಸಂಶಯ ಬರ್ತದ. ನಮ್ಮ ಮಂದಿ ಒಂದು ವಸ್ತು ಕೊಟ್ಟು, ತಾವೂ ಇಟ್ಕೊಂಡು ಇರೋದು ಯಾವಾಗ?"

ಅವಳು ಪೆನ್ಸಿಲ್ ಎತ್ತಿಕೊಂಡು ಕ್ಯಾಸೆಟ್ಟಿನ ರೀಲನ್ನು ಎರಡು ಸುತ್ತು ಸುತ್ತಿದಳು.

"ಹೆಪ್ಪು," ಎಂದಳು ಆಮೇಲೆ.

"ಏನು?"

"ಮೊಸರಿನ ಹೆಪ್ಪು ರೀ. ಮಗ್ಗಲ ಮನಿಯಾಕಿ ಬಟ್ಟಲ ಹಿಡ್ಕೊಂಡು ಬರ್ತಾಳ. ಒಂದು ಚಮಚೆ ಕೊಡತೀವಿ. ನಮ್ಮ ಗಡಿಗಿ ಬರಿದಾಗಂಗಿಲ್ಲ. ಆಕಿ ನಾಳೆ ಮತ್ತೊಬ್ಬಾಕಿಗೆ ಕೊಡತಾಳ. ಯಾರೂ ರೊಕ್ಕ ಕೇಳಂಗಿಲ್ಲ, ಯಾರೂ ಸಂಶಯ ಪಡಂಗಿಲ್ಲ. ನಿಮ್ಮ ಪ್ರೋಗ್ರಾಮೂ ಹಂಗ ಅಲ್ಲೇನು?"

ಆದಪ್ಪ ಬಾಯಿ ತೆರೆದು ನಿಂತ. ಎರಡು ವರ್ಷದಿಂದ ಅವನು ಜನರಿಗೆ ತಿಳಿಸಲು ಒದ್ದಾಡಿದ್ದ ಮಾತನ್ನು ಈ ಹುಡುಗಿ ಒಂದು ಚಮಚದಲ್ಲಿ ಹೇಳಿಬಿಟ್ಟಿದ್ದಳು.

"ಇದು ನಿಮಗ ಹ್ಯಾಂಗ ಹೊಳೀತು?"

"ನಿಮಗಂತ ಹೊಳೀತು," ಎಂದವಳು ನಾಲಿಗೆ ಕಚ್ಚಿಕೊಂಡಳು.

ಅಲ್ಲಿಂದ ಕೆಲಸ ಕುದುರಿತು. ಬಳಗಾನೂರಿನ ಗೊಬ್ಬರದ ಅಂಗಡಿಯವನು ತಾನಾಗಿಯೇ ಫ್ಲಾಪಿ ಕೇಳಿ ತರಿಸಿಕೊಂಡ. ವಳಕಮದಿನ್ನಿಯವರು ಕಾಲುವೆ ನೀರಿಗೆ ಬರೆದ ಅರ್ಜಿ ಅಚ್ಚುಕಟ್ಟಾಗಿತ್ತೆಂದು ಸುದ್ದಿಯಾಯಿತು. ಆದಪ್ಪ ವಾರಕ್ಕೊಮ್ಮೆ ಬರುತ್ತಿದ್ದವನು ಎರಡು ಸಲ ಬರತೊಡಗಿದ. ಕ್ಯಾಸೆಟ್ ಬದಲಾಯಿಸುವ ನೆಪ, ಹಾರ್ನ್ ಸರಿಯಿಲ್ಲವೆಂಬ ನೆಪ. ಬಸ್ಸಪ್ಪ ಎಲ್ಲವನ್ನೂ ಕನ್ನಡಕದ ಮೇಲಿಂದ ನೋಡುತ್ತಿದ್ದ, ಏನೂ ಹೇಳುತ್ತಿರಲಿಲ್ಲ.

ಒಮ್ಮೆ ಆದಪ್ಪ ಕ್ಯಾಸೆಟ್ಟುಗಳ ನಡುವಿನಿಂದ ಒಂದನ್ನು ಎತ್ತಿ ಹಾಕಿದ. ಇಂಪಾದ ಶಹನಾಯಿ ಬಂತು.

"ಇದು ಎಷ್ಟು ಚಲೋ ಐತಲ್ಲ, ನಮ್ಮದಕ್ಕ ಮೊದಲಿಗೆ ಇದನ್ನ ಹಾಕ್ರಿ."

"ಅಯ್ಯೋ, ಅದು ಬ್ಯಾಡ," ಹುಸೇನಮ್ಮ ಓಡಿಬಂದು ಬಂದ್ ಮಾಡಿದಳು. "ಅದು ಆಪರೇಷನ್ ಕ್ಯಾಂಪಿಂದು. ಮಕ್ಕಳಾಗದಂಗ ಮಾಡೋ ಆಪರೇಷನ್. ಈ ಶಹನಾಯಿ ಊದಿ, 'ಸಮಸ್ತ ದಂಪತಿಗಳಲ್ಲಿ ವಿನಂತಿ' ಅಂದ್ರ ಮುಗೀತು. ಪಾಮನಕಲ್ಲೂರಾಗ ಗಂಡಸರೆಲ್ಲ ತೊಗರಿ ಹೊಲದಾಗ ಹೋಗಿ ಕುಂದ್ರತಾರ. ಎರಡು ದಿನ ಊರ ಕಡೆ ತಲಿ ಹಾಕಂಗಿಲ್ಲ."

ಇಬ್ಬರೂ ನಕ್ಕರು. ಆ ದಿನ ಅವನು ಹೋದ ಮೇಲೂ ಅವಳ ಮುಖದಲ್ಲಿ ನಗು ಹಾಗೇ ಇತ್ತು.

* * *

ಹೊಟ್ಟೆಕಿಚ್ಚು ಎಲ್ಲಿಂದ ಶುರುವಾಯಿತು? ಪಕ್ಕದ ಲಗ್ನಪತ್ರದ ಅಂಗಡಿಯ ಕಂಪ್ಯೂಟರಿನಿಂದ.

ಆದಪ್ಪ ಅಲ್ಲಿ ಫ್ಲಾಪಿ ಹಾಕಿ, ಬಾ ನೋಡು ಎಂದು ಕರೆದ. ಅಷ್ಟರಲ್ಲಿ ಅವನ ಬಾಯಲ್ಲಿ 'ನೀವು' ಹೋಗಿ 'ನೀ' ಬಂದಿತ್ತು, ಅದೂ ಅವಳಿಗೆ ಸಿಹಿಯಾಗಿತ್ತು. ಪರದೆ ಬೆಳಗಿತು. ಮೊಟ್ಟಮೊದಲು ಎರಡು ಹೆಸರು ಕಾಣಿಸಿದವು.

ಆದಪ್ಪ, ಮಸ್ಕಿ.
ಅಮರಮ್ಮ, ಲಿಂಗಸುಗೂರು.

ಆ ಅಂಗಡಿಯ ಗೋಡೆಯ ಮೇಲೆ ತೂಗುಹಾಕಿದ್ದ ಲಗ್ನಪತ್ರಗಳಲ್ಲಿ ವರನ ಹೆಸರಿನ ಕೆಳಗೆ ವಧುವಿನ ಹೆಸರು ಇರುವ ಹಾಗೆಯೇ.

"ಅಮರಮ್ಮ ಯಾರು?" ದನಿಯನ್ನು ಹಗುರಾಗಿಡಲು ಅವಳು ಪಟ್ಟ ಪಾಡು ಅವಳಿಗೇ ಗೊತ್ತು.

"ಲಿಂಗಸುಗೂರಾಗ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡಸ್ತಾಳ. ಅರ್ಜಿಗಳ ಮಾತೆಲ್ಲ ಆಕಿ ಬರದಿದ್ದು. ಆಕಿ ಇಲ್ಲದಿದ್ರ ಇದು ಆಗತಿದ್ದಿಲ್ಲ."

*ಆಕಿ ಇಲ್ಲದಿದ್ರ ಇದು ಆಗತಿದ್ದಿಲ್ಲ...* ಆ ಮಾತು ಹುಸೇನಮ್ಮನ ಎದೆಯಲ್ಲಿ ನಿಂತುಬಿಟ್ಟಿತು.

"ಯಾರು ಬೇಕಾದ್ರೂ ತಿದ್ದಬಹುದು ಅಂತೀರಲ್ಲ. ಆ ಹೆಸರು ತೆಗಿಬಹುದೇನು?"

"ತಿದ್ದಬಹುದು. ಆದ್ರ ದುಡದವರ ಹೆಸರು ತೆಗಿಬಾರದು. ಅದೊಂದ ಕರಾರು." ಅವನು ಏನೂ ತಿಳಿಯದವನಂತೆ ನಕ್ಕ. ಏನೂ ತಿಳಿದಿರಲೂ ಇಲ್ಲ. ಗಂಡಸರ ಈ ಜಾಣತನದ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ.

ಅವಳು ಸಹಿಸಿಕೊಂಡಳು. ಕೆಲಸದ ಮಾತು, ಕೆಲಸದ ಹೆಸರು ಎಂದು ಮನಸ್ಸಿಗೆ ಬುದ್ಧಿ ಹೇಳಿದಳು. ಆದರೆ ಹದಿನೈದು ದಿನದ ಮೇಲೆ ಆದಪ್ಪ ಒಂದು ಹ್ಯಾಂಡ್‌ಬಿಲ್ ತಂದುಕೊಟ್ಟ. ಲಿಂಗಸುಗೂರಿನಲ್ಲಿ ಅಮರಮ್ಮ ಅಚ್ಚು ಹಾಕಿಸಿದ್ದು. ಮೇಲೆ ದಪ್ಪ ಅಕ್ಷರದಲ್ಲಿ ಹೀಗಿತ್ತು: *ಮೊಸರಿನ ಹೆಪ್ಪಿನಂತೆ, ಕೊಟ್ಟರೂ ಮುಗಿಯದ ಅರ್ಜಿ ಪ್ರೋಗ್ರಾಮು.*

ಹುಸೇನಮ್ಮ ಕಾಗದವನ್ನು ಎರಡು ಸಲ ಓದಿದಳು.

"ಇದು ನನ್ನ ಮಾತು."

"ಹೌದು, ಎಷ್ಟು ಚಲೋ ಐತಿ ಅಂದ್ಲು ಅಮರಮ್ಮ. ಹಾಕ್ಕೋ ಅಂದೆ."

"ನನ್ನ ಕೇಳಲಿಲ್ಲ."

"ಕೇಳೋದೇನೈತಿ ಹುಸೇನಿ? ಚಲೋ ಮಾತು ಎಲ್ಲಾರದು ಅಲ್ಲೇನು?"

ಅವನ ಮುಖದಲ್ಲಿ ಕಪಟವಿರಲಿಲ್ಲ, ಅದೇ ಅವಳಿಗೆ ಹೆಚ್ಚು ನೋವಾಗಿದ್ದು. ಆ ಮಾತು ಎಲ್ಲರಿಗೆಂದು ಹೊಳೆದದ್ದಲ್ಲ. ಆ ಮಧ್ಯಾಹ್ನ, ಇವನ ಸಪ್ಪೆ ಮುಖ ನೋಡಲಾರದೆ ಹೊಳೆದದ್ದು. ಅದನ್ನು ಇವನು ಆಕೆಯ ಕೈಗೆ ಕೊಟ್ಟು ಬಂದಿದ್ದ. ಇನ್ನೇನೇನು ಕೊಟ್ಟಿದ್ದಾನೋ... ನಗು ಕೊಟ್ಟಿರಬಹುದು, ನೋಟ ಕೊಟ್ಟಿರಬಹುದು. ಯಾರಿಗೆ ಕೊಟ್ಟರೂ ಕಡಿಮೆಯಾಗುವುದಿಲ್ಲವಲ್ಲ ಇವನದು!

"ಮುಂದಿನ ಭಾನುವಾರ ಲಿಂಗಸುಗೂರಾಗ, ಅಮರಮ್ಮನ ಇನ್‌ಸ್ಟಿಟ್ಯೂಟಿನ ಅಂಗಳದಾಗ ದೊಡ್ಡ ಪ್ರದರ್ಶನ ಐತಿ," ಆದಪ್ಪ ಹುರುಪಿನಲ್ಲಿ ಹೇಳುತ್ತಲೇ ಇದ್ದ. "ರಾಯಚೂರಿನ ಒಂದು ಸಂಸ್ಥೆಯವರು ಮೂರು ಕಂಪ್ಯೂಟರ್ ತಂದು ಅಲ್ಲಿ ಇಟ್ಟಾರ. ಹಳ್ಳಿ ಮಂದಿಗೆ ಇದು ಬೇಕು ಅಂತ ಅವರಿಗೆ ಕಾಣಬೇಕು. ಕಂಡ್ರ ಸಿಂಧನೂರಿಗೊಂದು, ಮಸ್ಕಿಗೊಂದು, ಲಿಂಗಸುಗೂರಿಗೊಂದು ಜನರ ಸಲುವಾಗಿ ಬಿಟ್ಟು ಹೋಗತಾರ. ಇಲ್ಲಾ ವಾಪಸ್ ಒಯ್ತಾರ. ಎಲ್ಲಾ ನಿನ್ನ ಕ್ಯಾಸೆಟ್ ಮ್ಯಾಲ ಐತಿ. ಅಮರಮ್ಮನೂ ಅದನ್ನ ಅಂದ್ಲು."

*ಅಮರಮ್ಮನೂ ಅದನ್ನ ಅಂದ್ಲು.* ಆ ಹೆಸರನ್ನು ಅವನು ಇನ್ನೊಮ್ಮೆ ಹೇಳದಿದ್ದರೆ ಈ ಕಥೆ ಇಲ್ಲಿಗೇ ಸುಖವಾಗಿ ಮುಗಿಯುತ್ತಿತ್ತೋ ಏನೋ.

ಅವನು ಹೋದ ಮೇಲೆ ಹುಸೇನಮ್ಮ ರೆಕಾರ್ಡ್ ಮಾಡಲು ಕೂತಳು. ಆ ಅಂಗಳದಲ್ಲಿ ಅವನೂ ಅಮರಮ್ಮನೂ ಪಕ್ಕಪಕ್ಕ ನಿಂತು ಜನರನ್ನು ಬರಮಾಡಿಕೊಳ್ಳುವುದು ಕಣ್ಣಿಗೆ ಕಟ್ಟಿತು. ಆ ಜನರನ್ನು ಕರೆದು ತುಂಬುವವಳು ತಾನು. ಯಾರಿಗೂ ಕಾಣದವಳು.

ಅವಳು ಕೈ ಚಾಚಿ ಶಹನಾಯಿಯ ಕ್ಯಾಸೆಟ್ ತೆಗೆದುಕೊಂಡಳು.

ಮೊದಲು ಶಹನಾಯಿ. ಆಮೇಲೆ, ಸಮಸ್ತ ದಂಪತಿಗಳಲ್ಲಿ ವಿನಂತಿ. ಅದರ ಮುಂದೆ ಎಲ್ಲವೂ ಸರಿಯಾಗಿಯೇ ಇತ್ತು. ದಿನ, ಜಾಗ, ವೇಳೆ ಯಾವುದರಲ್ಲೂ ಒಂದಕ್ಷರ ಸುಳ್ಳಿಲ್ಲ. ಯಾರೂ ಬೆರಳು ಮಾಡಿ ತೋರಿಸಲಾರರು.

ಕಿವಿಗೆ ಹತ್ತಿ ಇಟ್ಟುಕೊಂಡ ಉಸ್ಮಾನ್‌ಸಾಬ್ ಕ್ಯಾಸೆಟ್ ತೆಗೆದುಕೊಂಡು ಹೋದ.

* * *

ಸೋಮವಾರ ಆದಪ್ಪ ಬಂದ. ಕೂಡಲಿಲ್ಲ. ಉಸ್ಮಾನ್‌ಸಾಬನಿಂದ ಇಸಿದುಕೊಂಡಿದ್ದ ಕ್ಯಾಸೆಟ್ಟನ್ನು ಜೇಬಿನಿಂದ ತೆಗೆದು ಟೇಪಿಗೆ ಹಾಕಿದ. ಅಂಗಡಿಯ ತುಂಬ ಶಹನಾಯಿ ತುಂಬಿಕೊಂಡಿತು. ಮೂಲೆಯಲ್ಲಿ ಹಾರ್ನ್ ಬಿಚ್ಚುತ್ತಿದ್ದ ಬಸ್ಸಪ್ಪ ಕೈ ನಿಲ್ಲಿಸಿದ.

"ಹಳ್ಳಿಯಿಂದ ಒಬ್ಬರೂ ಬರಲಿಲ್ಲ," ಎಂದ ಆದಪ್ಪ. ದನಿ ಏರಿರಲಿಲ್ಲ. "ಸಂಸ್ಥೆಯವರು ಹತ್ತರಿಂದ ಒಂದರ ತನಕ ಕುಂತಿದ್ರು. ಖುರ್ಚಿ ಖಾಲಿ. ಅಮರಮ್ಮಗ ಏನೂ ತಿಳೀಲಿಲ್ಲ. ಆಕಿ ಪ್ಯಾಟಿಯಾಕಿ, ಶಹನಾಯಿ ಅಂದ್ರ ಮಂಗಳ ಅನ್ಕೊಂಡಾಳ. ನನಗ ತಿಳೀತು. ನೀನ ಕಲಿಸಿದ್ದಿ ನನಗ."

ಹುಸೇನಮ್ಮ ನೆಲ ನೋಡಿದಳು.

"ಕೈತಪ್ಪಿ ಆಗೇತಿ ಅಂತ ಹೇಳು. ನಂಬತೀನಿ."

ಎಷ್ಟು ಸುಲಭವಿತ್ತು! ಹೌದು ಎಂದಿದ್ದರೆ ಸಾಕಿತ್ತು. ಅವನು ನಿಜವಾಗಿಯೂ ನಂಬುತ್ತಿದ್ದ.

"ಬೇಕಂತ ಮಾಡೀನಿ."

"ಯಾಕ?"

ಸಾವಿರಾರು ಜನರಿಗೆ ಸಾರಿದವಳಿಗೆ ಒಬ್ಬನ ಮುಂದೆ ಬಾಯಿ ಕಟ್ಟಿತು.

ಆದಪ್ಪ ಕಾದ. ಆಮೇಲೆ ಕ್ಯಾಸೆಟ್ಟನ್ನು ಅಲ್ಲೇ ಬಿಟ್ಟು ಬಾಗಿಲಿಗೆ ಹೋಗಿ ನಿಂತ.

"ಮುದಗಲ್ಲಿಗೆ ಹೋಗ್ಯಾರ ಸಂಸ್ಥೆಯವರು. ಬುಧವಾರ ವಾಪಸ್ ಬರುವಾಗ ಲಿಂಗಸುಗೂರಾಗ ಒಂದು ತಾಸು ನಿಂತು, ಮೂರೂ ಮಶಿನ್ ಗಾಡಿಗೆ ಏರಿಸ್ಕೊಂಡು ಹೋಗತಾರ. ನಿನಗ ಬೇಕಾಗಿದ್ದು ಅದ ಆದ್ರ, ಆಗೇತಿ ತಗೋ."

ಅವನು ತಿರುಗಿ ನೋಡದೆ ಬಸ್‌ಸ್ಟ್ಯಾಂಡಿನ ಕಡೆ ಹೋದ.

ಬಸ್ಸಪ್ಪ ಎದ್ದು ಬಂದು ಟೇಪು ಬಂದ್ ಮಾಡಿದ. ಮಗಳ ಮುಖ ನೋಡಿದ. ಅಲ್ಲಿ ಬರೆದಿದ್ದನ್ನೆಲ್ಲ ಓದಿಕೊಂಡ.

"ಲೇ ಹುಸೇನಿ, ಇಪ್ಪತ್ತು ವರ್ಷದಿಂದ ಈ ಅಂಗಡಿ ದನಿ ಜನ ನಂಬ್ಯಾರ. ನೀ ಮಾಡಿದ್ದು ನೀನ ಹೋಗಿ ತಿದ್ದಿ ಬಾ."

"ನನ್ನ ದನಿ ಇನ್ನ ಯಾರು ನಂಬತಾರ ಯಪ್ಪಾ?"

"ಹಂಗಾದ್ರ ಮುಖ ತೋರಿಸು. ಹೆಸರು ಹೇಳು," ಎಂದ ಬಸ್ಸಪ್ಪ. ದನಿಯ ಹೆಸರು ಹೊರಗೆ ಹೋಗಬಾರದು ಎಂದು ಇಷ್ಟು ವರ್ಷ ಹಟ ಹಿಡಿದವನು ಅವನೇ.

* * *

ಮಂಗಳವಾರ ಬೆಳಿಗ್ಗೆ ಜೀಪು ಮೊದಲು ನಿಂತದ್ದು ಲಿಂಗಸುಗೂರಿನ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಮುಂದೆ. ಅಂಗಳದಲ್ಲಿ ಭಾನುವಾರದ ಕುರ್ಚಿಗಳು ಹಾಗೇ ಇದ್ದವು. ಅಮರಮ್ಮ ಬಾಗಿಲಿಗೆ ಬಂದಳು. ಎತ್ತರದ ಹೆಂಗಸು, ಬೆರಳ ತುದಿಯಲ್ಲಿ ರಿಬ್ಬನ್ನಿನ ಮಸಿ. ಹುಸೇನಮ್ಮ ಅಂದುಕೊಂಡಿದ್ದಕ್ಕಿಂತ ಚೆಂದವಾಗಿದ್ದಳು.

"ಅಕ್ಕಾರ, ನಾನು ಹುಸೇನಮ್ಮ. ಕ್ಯಾಸೆಟ್ಟಿನ ದನಿ ನಂದು. ಭಾನುವಾರ ಜನ ಬರದಂಗ ಮಾಡಿದಾಕಿ ನಾನು."

ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಅಮರಮ್ಮನ ಮುಖ ಕೆಂಪಾಯಿತು, ಆಮೇಲೆ ಬಿಳಿಚಿಕೊಂಡಿತು.

"ನನ್ನ ಮ್ಯಾಲಿನ ಹೊಟ್ಟಿಕಿಚ್ಚಿಗೆ?"

"ಹೌದ್ರಿ."

ಅಮರಮ್ಮ ನಕ್ಕಳು. ಆ ನಗೆಯಲ್ಲಿ ಸುಖವಿರಲಿಲ್ಲ.

"ಎರಡು ತಿಂಗಳ ಹಿಂದ ನಾನ ಬಾಯಿಬಿಟ್ಟು ಕೇಳಿದ್ದೆ ಅವನ್ನ. ಲಗ್ನ ಆಗೋಣೇನು ಅಂತ. ಏನಂದ ಗೊತ್ತೇನು? ಸಿಂಧನೂರಾಗ ಒಂದು ದನಿ ಐತಿ, ಅದನ್ನ ಕೇಳಿದ ಮ್ಯಾಲ ನನಗ ಬ್ಯಾರೆ ಏನೂ ಕೇಳಸಂಗಿಲ್ಲ, ಅಂದ. ಅವತ್ತಿನಿಂದ ನಿನ್ನ ಜೀಪು ಬಂದ್ರ ಕಿಟಕಿ ಹಾಕ್ಕೊಂತೀನಿ ನಾನು. ಹೊಟ್ಟಿ ಉರದಿದ್ದು ನಂದು ಹುಡುಗಿ. ನಿಂದೇನಿತ್ತು ಉರಿಯೋದು?"

ಹುಸೇನಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ತನ್ನನ್ನು ಪ್ರೀತಿಸುವವನ ಕೆಲಸವನ್ನೇ ತಾನು ಮುರಿದಿದ್ದಳು. ಅವನು ಹೇಳಿರಲಿಲ್ಲ, ಇವಳು ಕೇಳಿರಲಿಲ್ಲ... ಕಣ್ಣೀರು ಧಾರೆಯಾಗಿ ಇಳಿಯಿತು.

"ಅಳೋದು ಆಮ್ಯಾಲೆ," ಎಂದಳು ಅಮರಮ್ಮ. "ನನ್ನ ಸಿಟ್ಟೂ ಆಮ್ಯಾಲೆ. ಇನ್ನ ಒಂದು ದಿನ ಐತಿ. ನನ್ನ ಹೆಸರೂ ಐತಿ ಆ ಪ್ರೋಗ್ರಾಮಿನಾಗ. ಹೋಗು, ಮಂದಿ ಕರಕೊಂಡು ಬಾ."

ಜೀಪಿನ ಮುಂದಿನ ಸೀಟಿನಲ್ಲಿ, ಎಲ್ಲರಿಗೂ ಕಾಣುವಂತೆ, ಹುಸೇನಮ್ಮ ಮೈಕ್ ಹಿಡಿದು ಕೂತಳು. ಅಂದು ಮೊದಲ ಬಾರಿಗೆ ಉಸ್ಮಾನ್‌ಸಾಬ್ ಕಿವಿಯ ಹತ್ತಿ ತೆಗೆದ.

"ಹೇಳು ಬೇಟಿ, ನಾನೂ ಕೇಳತೀನಿ."

ಪಾಮನಕಲ್ಲೂರಿನಲ್ಲಿ ಜೀಪು ಕಂಡ ಕೂಡಲೇ ಗಂಡಸರು ಕಟ್ಟೆ ಬಿಟ್ಟು ಎದ್ದರು. ಹುಸೇನಮ್ಮ ಮೈಕಿನ ಗುಂಡಿ ಒತ್ತಿದಳು.

"ಹೋಗಬ್ಯಾಡ್ರಿ. ಇದು ಆಪರೇಷನ್ನಿಂದು ಅಲ್ಲ. ಹೋದ ವಾರ ಕೂಗಿದ್ದೂ ಆಪರೇಷನ್ನಿಂದು ಅಲ್ಲ. ಅದು ಅರ್ಜಿ ಬರೆಯೋ ಕಂಪ್ಯೂಟರಿಂದು. ಬೇಕಂತ ಶಹನಾಯಿ ಹಾಕಿ ನಿಮ್ಮನ್ನ ಹೆದರಿಸಿದಾಕಿ ನಾನು. ನನ್ನ ಹೆಸರು ಹುಸೇನಮ್ಮ. ಸಿಂಧನೂರಿನ ಮೈಕ್‌ಸೆಟ್ ಬಸ್ಸಪ್ಪನ ಮಗಳು."

ಹೊರಟಿದ್ದ ಗಂಡಸರು ನಿಂತಲ್ಲೇ ನಿಂತರು. ಹಲ್ಲಿಲ್ಲದ ಒಬ್ಬಳು ಅಜ್ಜಿ, ಮುದುಕಮ್ಮ ಅಂತ, ಕೋಲೂರಿಕೊಂಡು ಜೀಪಿನ ಹತ್ತಿರವೇ ಬಂದಳು.

"ಯಾಕ ಹೆದರಿಸಿದಿ ಬೇ?"

ಗುಂಡಿ ಒತ್ತಿಯೇ ಇತ್ತು. ಬಿಡಬಹುದಿತ್ತು. ಬಿಡಲಿಲ್ಲ.

"ಹೊಟ್ಟಿಕಿಚ್ಚಿಗೆ ಅಜ್ಜಿ," ಎರಡೂ ಹಾರ್ನುಗಳಲ್ಲಿ ಊರ ತುಂಬ ಅವಳ ದನಿ ಹೋಯಿತು. "ಆ ಕಂಪ್ಯೂಟರ್ ತಂದಾತನ ಮ್ಯಾಲ ನನಗ ಪ್ರೀತಿ ಐತಿ. ಆತ ಬ್ಯಾರೆಯಾಕಿ ಜೊತಿ ನಿಲ್ಲತಾನ ಅಂತ ಹೊಟ್ಟಿ ಉರೀತು. ಅದಕ್ಕ ಹಿಂಗ ಮಾಡಿದೆ. ಆತಂದು ಏನೂ ತಪ್ಪಿಲ್ಲ. ನಾಳೆ ನೀವು ಲಿಂಗಸುಗೂರಿಗೆ ಬರಲಿಲ್ಲಂದ್ರ ಆತನ ಎರಡು ವರ್ಷದ ಕೆಲಸ ಮಣ್ಣಾಗ್ತದ."

ಮುದುಕಮ್ಮ ಬಾಯಿಗೆ ಕೈ ಇಟ್ಟುಕೊಂಡಳು. ಹಿಂದೆ ಯಾವಳೋ ಕಿಸಕ್ಕೆಂದಳು. ಆಮೇಲೆ ಬಾವಿಕಟ್ಟೆ, ಹಿಟ್ಟಿನ ಗಿರಣಿ, ಪಂಚಾಯ್ತಿ ಜಗಲಿ ಎಲ್ಲ ಕಡೆಯೂ ನಗು ಎದ್ದಿತು. ಉಸ್ಮಾನ್‌ಸಾಬ್ ಸ್ಟೇರಿಂಗಿಗೆ ಹಣೆ ಹಚ್ಚಿಕೊಂಡು ನಗುತ್ತಿದ್ದ.

"ಆತ ನೋಡಾಕ ಹ್ಯಾಂಗ ಅದಾನ?" ಕೇಳಿದಳು ಮುದುಕಮ್ಮ.

"ನೀವ ಬಂದು ನೋಡ್ರಿ ಅಜ್ಜಿ."

ಹನ್ನೊಂದು ಹಳ್ಳಿಗಳಲ್ಲಿ ಅದನ್ನೇ ಹೇಳಿದಳು. ನಾಲ್ಕನೇ ಹಳ್ಳಿಯ ಹೊತ್ತಿಗೆ ಸುದ್ದಿ ಜೀಪಿಗಿಂತ ಮುಂದೆ ಹೋಗಿತ್ತು.

* * *

ಬುಧವಾರ ಹತ್ತು ಗಂಟೆಗೆ ಅಮರಮ್ಮನ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಟ್ರ್ಯಾಕ್ಟರಿನಲ್ಲಿ ಬಂದವರು, ಟಂಟಂ ಆಟೋದಲ್ಲಿ ಬಂದವರು, ನಡೆದು ಬಂದವರು. ಮಶಿನ್ನುಗಳ ವೈರು ಬಿಚ್ಚಲು ಬಂದಿದ್ದ ಆದಪ್ಪ ಬೆಪ್ಪಾಗಿ ನಿಂತಿದ್ದ. ಎಲ್ಲರೂ ಅವನ ಮುಖ ನೋಡಿ ಯಾಕೆ ನಗುತ್ತಿದ್ದಾರೆಂದು ಅವನಿಗೆ ಅರ್ಥವಾಗಲಿಲ್ಲ.

"ಇವನೇನು?" ಮುದುಕಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಬಾಳ ಏನಿಲ್ಲ ಬಿಡು. ಆದ್ರೂ ಕಣ್ಣು ಚಲೋ ಅದಾವ."

"ಅಜ್ಜಿ, ಏನು ನಡದೈತಿ?"

"ನಿನ್ನ ಸಲುವಾಗಿ ಒಬ್ಬಾಕಿ ಊರೂರ ತಿರುಗಿ ಮರ್ಯಾದಿ ಬಿಟ್ಟು ಹೇಳ್ಯಾಳ. ಅದಕ್ಕ ನೋಡಾಕ ಬಂದೀವಿ." ಅಜ್ಜಿ ಕುರ್ಚಿ ಎಳೆದುಕೊಂಡು ಕೂತಳು. "ಬಂದಿದ್ದ ಬಂದೀವಿ, ನನ್ನ ಪಿಂಚಣಿ ಅರ್ಜಿ ಬರದುಕೊಡು. ನನ್ನ ಗಂಡ ಹೋಗಿ ಆರು ವರ್ಷಾತು."

ನೋಡಲು ಬಂದವರು ಹಾಗೆ ಒಬ್ಬರ ಹಿಂದೊಬ್ಬರು ಕೂತರು. ಅಮರಮ್ಮ ಕೇಳಿ ಕೇಳಿ ಟೈಪ್ ಮಾಡಿದಳು, ಆದಪ್ಪ ಅಚ್ಚು ಹಾಕಿದ. ಮುದಗಲ್ಲಿನಿಂದ ಬಂದ ಸಂಸ್ಥೆಯವರು ಒಂದು ತಾಸು ಎಂದವರು ಮೂರು ತಾಸು ನಿಂತರು. ತಮ್ಮ ಹೆಸರು ಅಚ್ಚಾದ ಕಾಗದವನ್ನು ಜನ ಬಿಸಿಲಿಗೆ ಹಿಡಿದು ನೋಡುವುದನ್ನು ನೋಡಿದರು. ಹೋಗುವಾಗ ಅವರ ಗಾಡಿ ಖಾಲಿ ಹೋಯಿತು. ಮೂರು ಕಂಪ್ಯೂಟರುಗಳೂ ಉಳಿದವು.

ಹುಸೇನಮ್ಮ ಒಳಗೆ ಬಂದಿರಲಿಲ್ಲ. ಹೊರಗೆ ಬೇವಿನ ಮರದ ಕೆಳಗೆ ನಿಲ್ಲಿಸಿದ್ದ ಜೀಪಿನ ಹಿಂದೆ ಕೂತಿದ್ದಳು. ಜನ ಕರಗಿದ ಮೇಲೆ ಆದಪ್ಪ ಹುಡುಕಿಕೊಂಡು ಬಂದ. ಉಸ್ಮಾನ್‌ಸಾಬ್ ಚಹಾದ ಅಂಗಡಿ ಕಡೆ ನಡೆದ.

"ಯಾಕ ಮಾಡಿದಿ ಅಂತ ನಾ ಕೇಳಿದಾಗ ಹೇಳಲಿಲ್ಲ," ಎಂದ ಆದಪ್ಪ. "ಹನ್ನೊಂದು ಊರಿಗೆ ಹೇಳಿದಿ."

"ಮೈಕ್ ಇದ್ರ ಧೈರ್ಯ ಬರ್ತದ. ನಿಮ್ಮ ಮುಂದ ಬರಂಗಿಲ್ಲ."

"ನನ್ನ ಸಿಟ್ಟು ಇನ್ನ ಹೋಗಿಲ್ಲ ಹುಸೇನಿ."

"ಸಿಟ್ಟು ಇರಲಿ. ನೀವು ಹೋಗಬ್ಯಾಡ್ರಿ."

ಅವನು ಜೀಪಿನ ಹಿಂಬಾಗಿಲಿಗೆ ಒರಗಿ, ಅವಳ ಪಕ್ಕದಲ್ಲೇ ನಿಂತ.

"ತಪ್ಪು ನಂದೂ ಐತಿ," ಎಂದ. "ನಿನ್ನ ಬಗ್ಗೆ ಅಮರಮ್ಮಗ ಹೇಳಿದೆ. ನಿನಗ ಹೇಳಲಿಲ್ಲ. ನೀ ನಗ್ತಿದ್ದಿ, ನಾ ನೋಡ್ತಿದ್ದೆ, ಇನ್ನ ಹೇಳೋದೇನೈತಿ ಅನ್ಕೊಂಡೆ."

"ನಿಮ್ಮ ಪ್ರೋಗ್ರಾಮು ಎಲ್ಲಾರದು, ಇರಲಿ. ನನ್ನ ಮಾತೂ ಎಲ್ಲಾರಿಗೂ ಹಂಚ್ರಿ, ಇನ್ನ ಮ್ಯಾಲ ಹೊಟ್ಟಿ ಉರಿಯಂಗಿಲ್ಲ..." ಅವಳು ತಡೆದಳು. "ಸುಳ್ಳ್ಯಾಕ, ಸ್ವಲ್ಪ ಉರೀತದ. ಆದ್ರ ಒಂದ... ಒಂದ ಒಂದು ಮಾತು ನನಗ ಮಾತ್ರ ಅಂತ ಇರಲಿ ರೀ. ಬ್ಯಾರೆ ಯಾರಿಗೂ ಕೊಡದ್ದು."

ಆದಪ್ಪ ಅವಳನ್ನು ನೋಡಿದ. ಮೊದಲ ದಿನದಂತೆ ಅಲ್ಲ, ಅದಕ್ಕಿಂತ ಬಹಳ ಹೊತ್ತು. ಆಮೇಲೆ ಬಗ್ಗಿ ಅವಳ ಕಿವಿಯ ಹತ್ತಿರ ಏನೋ ಹೇಳಿದ.

ಏನು ಹೇಳಿದನೆಂದು ನನಗೆ ಗೊತ್ತು. ಈ ಕಥೆ ಇಷ್ಟೆಲ್ಲ ಹೇಳಿದ ನನಗೆ ಅದೊಂದನ್ನು ಹೇಳುವುದು ಕಷ್ಟವೇನಲ್ಲ. ಆದರೆ ಅದು ಹುಸೇನಮ್ಮ ಒಬ್ಬಳದು. ನಿಮಗೆ ಹೇಳುವುದಿಲ್ಲ.

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಇನ್ನೊಮ್ಮೆ ಹೇಳ್ರಿ."

"ಯಾಕ, ಕೇಳಸಲಿಲ್ಲೇನು?"

"ಕೇಳಿಸ್ತು. ಅದಕ್ಕ."

ಅವನು ಇನ್ನೊಮ್ಮೆ ಹೇಳಿದ, ಮೊದಲಿಗಿಂತ ಮೆಲ್ಲಗೆ.